ಹನ್ನೊಂದು ದಿನ

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ಗುಂಡಿ-ಜಿಪ್ಪಿನ ಅಂಗಡಿ ದಾಟಿದರೆ ನನ್ನದು:
ಎರಡು ಹೊಲಿಗೆ ಮಶೀನು, ಒಂದು ಕನ್ನಡಿ, ಮೊಳೆಗೆ ನೇತ ಟೇಪು.
ತಿಂಗಳ ಮೊದಲ ಭಾನುವಾರ ಅಲ್ಲೇ ಚಾಪೆ ಹಾಸಿ ಚೀಟಿ.
ಇಪ್ಪತ್ತು ಹೆಂಗಸರು, ತಲೆಗೆ ಎರಡು ಸಾವಿರ.
ಹದಿನಾಲ್ಕು ವರ್ಷದಿಂದ ಒಂದೇ ಕಟ್ಟಳೆ:
ಪುಸ್ತಕ ನನ್ನೊಬ್ಬಳದಲ್ಲ, ಇಪ್ಪತ್ತು ಮನೆಯಲ್ಲಿ ಇಪ್ಪತ್ತು.
ಒಬ್ಬಳು ಓದುತ್ತಾಳೆ, ಎಲ್ಲರೂ ಬರೆದುಕೊಳ್ಳುತ್ತಾರೆ,
ಹಸೀನಾ ಉರ್ದುವಿನಲ್ಲಿ, ಸೆವ್ರಿನ್ ಬಾಯಿ ಕೊಂಕಣಿ ಬೆರೆಸಿ,
ಓದು ಬಾರದ ಕೆಂಚಮ್ಮ ಗೀಟೆಳೆದು:
ಸಾವಿರಕ್ಕೊಂದು ಉದ್ದದ್ದು, ನೂರಕ್ಕೊಂದು ಗಿಡ್ಡ.
ಒಂದಕ್ಕೆ ಗೆದ್ದಲು ಹಿಡಿದರೆ ಹತ್ತೊಂಬತ್ತು ಬಾಯಿಬಿಡುತ್ತವೆ.

ಮಹಡಿಯ ಕೋಣೆಗೆ ಬಂದವನು ಚಂದ್ರಗುತ್ತಿ ಕಡೆಯ ರೇಣುಕೇಶ.
ಮಂಚ ತರಲಿಲ್ಲ, ಪಾತ್ರೆ ತರಲಿಲ್ಲ,
ಆರು ಪೆಟ್ಟಿಗೆ ತಂದ, ಪೆಟ್ಟಿಗೆಗೆ ಮೂರು ಮೂರು ಫ್ಯಾನು.
ಹಗಲೂ ರಾತ್ರಿ ಜೇನು ಎದ್ದಂತೆ ಸದ್ದು.
"ಗಣಿ ಅಕ್ಕ ಇದು," ಅಂದ. ನಾನು ತಲೆ ಮೇಲಿನ ತಾರಸಿ ನೋಡಿದೆ.
ಅಗೆಯುವುದು ಮಣ್ಣಲ್ಲವಂತೆ, ಲೆಕ್ಕ.
ಬಿಡಿಸಿದವನಿಗೆ ಕಾಯಿನ್ನು.
ಎಲ್ಲರ ವ್ಯವಹಾರ ಎಲ್ಲರ ಪುಸ್ತಕದಲ್ಲಿ, ಅಳಿಸುವಂತಿಲ್ಲ,
ಯಾರನ್ನೂ ನಂಬಬೇಕಾದ್ದೇ ಇಲ್ಲ, ಅದೇ ಅದರ ಚೆಂದ.
ನಮ್ಮ ಚೀಟಿಯೂ ಹಾಗೇ ಕಣೋ ಅಂದೆ. ನಕ್ಕ.
ಒಳ್ಳೆಯ ನಗು. ಸುಳ್ಳಾಡುವ ಹುಡುಗನಲ್ಲ.

ಆಷಾಢ. ಹೊಲಿಗೆ ಕಡಿಮೆ.
ಚೀಟಿ ಎತ್ತಿದ ಸೆವ್ರಿನ್ ಬಾಯಿ,
"ಮಗಳ ಫೀಸಿಗೆ ಹದಿನೈದು ದಿನ ಇದೆ, ನಿನ್ನ ಹತ್ತಿರವೇ ಇರಲಿ" ಅಂದಳು.
ನಲವತ್ತು ಸಾವಿರ, ಬಾಬಿನ್ ಡಬ್ಬಿಯ ಅಡಿಗೆ.
ನಾಲ್ಕನೇ ದಿನ ಅದನ್ನು ರೇಣುಕೇಶನ ಕೈಗಿಟ್ಟೆ.

ಹನ್ನೊಂದು ದಿನ ಕತ್ತರಿಸಿದ್ದೆಲ್ಲ ಓರೆ.
ಒಂದು ರಾತ್ರಿ ಮೂವತ್ತೊಂದಕ್ಕೆ ಬಂದು ನಿಂತಾಗ
ಸೆವ್ರಿನ್ ಬಾಯಿಗೆ ಹೇಳಬೇಕಾದ ಸುಳ್ಳನ್ನು
ಗೋಡೆಗೆ ಮುಖ ಮಾಡಿ ಬಾಯಿಪಾಠ ಮಾಡಿದೆ.
ಹೇಳುವ ಪ್ರಮೇಯ ಬರಲಿಲ್ಲ. ಏರಿತು.
ನಲವತ್ತೆಂಟು ಸಾವಿರದ ನಾನೂರು.
ನಲವತ್ತನ್ನು ಕೊಟ್ಟೆ.
ಅವಳು ಎಣಿಸಲಿಲ್ಲ. ಎಣಿಸದೆ
ಬ್ಯಾಗಿಗೆ ಹಾಕಿಕೊಂಡು ಕೊತ್ತಂಬರಿ ರೇಟು ಮಾತಾಡಿದಳು.

ಯಾರಿಗೂ ನಷ್ಟವಿಲ್ಲ.
ಇಪ್ಪತ್ತೂ ಪುಸ್ತಕ ತಾಳೆಯಾಗುತ್ತವೆ.
ಅಳಿಸಲಾಗದು ಅಂದನಲ್ಲ,
ಬರೆಯದೇ ಬಿಟ್ಟದ್ದನ್ನು ಅದು ಯಾವ ಪುಟದಲ್ಲಿ ಹಿಡಿಯುತ್ತದೆ?

ಆಮೇಲೆ ಕರೆಂಟು ಬಿಲ್ಲು.
ನಾಲ್ಕು ಅಂಗಡಿಗೂ ಮಹಡಿಗೂ ಒಂದೇ ಮೀಟರು, ಐದು ಪಾಲು.
ಸೀರೆಗೆ ಪಿಕೋ ಹಾಕುವ ಹಸೀನಾಳ ಪಾಲು
ಮುನ್ನೂರಿದ್ದದ್ದು ಎರಡು ಸಾವಿರದ ನೂರು.
"ಇಸ್ತ್ರಿ ಪೆಟ್ಟಿಗೆನೂ ಬಿಟ್ಟೆ ಅಕ್ಕ, ಆದ್ರೂ ಯಾಕೆ ಹೀಗೆ?"
ಶರಾವತಿ ಅಷ್ಟೆತ್ತರದಿಂದ ಬಿದ್ದು, ತಂತಿ ಹಿಡಿದು ಬಂದು,
ಹಸೀನಾಳ ದುಡ್ಡಿನಲ್ಲಿ ಮೆಟ್ಟಿಲು ಹತ್ತಿ
ಮೇಲೆ ಕೂತು ಲೆಕ್ಕ ಬಿಡಿಸುತ್ತಿತ್ತು.
ನನಗೆ ಗೊತ್ತಿತ್ತು.
"ಮೀಟರು ಹಳೇದು," ಅಂದೆ.

ಆ ಮಾತು ಮೂರು ದಿನ ಗಂಟಲಲ್ಲಿ ಕೂತಿತ್ತು, ಮೀನಿನ ಮುಳ್ಳು.
ಲಾಭದಲ್ಲಿ ತಂದ ಓವರ್‌ಲಾಕ್ ಮಶೀನು ಮಾರಿದೆ,
ಕಮ್ಮಿ ಬಿದ್ದದ್ದಕ್ಕೆ ಕೈಯಿಂದ ಹಾಕಿದೆ,
ಚೀಟಿಯ ದಿನ ಎಲ್ಲ ಹೇಳಿ ಇಪ್ಪತ್ತು ಕಟ್ಟು ಮುಂದಿಟ್ಟೆ.
"ತಲೆಗೆ ನಾನೂರಿಪ್ಪತ್ತು."
ಹಸೀನಾ ಕಿಸಕ್ಕನೆ ನಕ್ಕಳು.
ಬೇರೆ ಯಾರೂ ನಗಲಿಲ್ಲ.
ನಾಲ್ಕು ಗಿಡ್ಡ ಗೀಟು ಎಳೆದ ಕೆಂಚಮ್ಮ ಪೆನ್ಸಿಲು ಎತ್ತಿದಳು:
"ಇಪ್ಪತ್ರಾಗೆ ನಿನ್ನೂ ಸೇರಿಸ್ಕಂಡ್ಯಾ?"

ಕಟ್ಟು ಬಿಚ್ಚಿದೆ. ಹತ್ತೊಂಬತ್ತಕ್ಕೆ ಹಂಚಿದೆ.
ನಾನೂರ ನಲವತ್ತೆರಡು. ಎರಡು ರೂಪಾಯಿ ಉಳಿಯಿತು.
ಸೆವ್ರಿನ್ ಬಾಯಿ ತನ್ನ ಪಾಲು ಮುಟ್ಟಲಿಲ್ಲ.
"ಮೂವತ್ತೊಂದಕ್ಕೆ ಬಂದಿತ್ತಲ್ಲ ಆ ರಾತ್ರಿ,
ಮೊದಲು ಅದನ್ನ ಬರೆಸು."
ಬರೆಸಿದೆ.

ರೇಣುಕೇಶನಿಗೆ ಈಗ ಬೇರೆ ಮೀಟರು.
ಹಳೇ ಬಾಕಿಯನ್ನು ಹಸೀನಾಳಿಗೆ ಕಂತಿನಲ್ಲಿ ತೀರಿಸುತ್ತಿದ್ದಾನೆ,
ನನ್ನ ಬಾಗಿಲು ಬಂದಾಗ ಮೊಬೈಲು ನೋಡುತ್ತಾನೆ.
ಆ ಎರಡು ರೂಪಾಯಿ ಬಾಬಿನ್ ಡಬ್ಬಿಯಲ್ಲೇ ಇದೆ.
ದಾರ ಹುಡುಕುವ ಬೆರಳಿಗೆ ತಣ್ಣಗೆ ತಗಲುತ್ತದೆ.
ನಾಳೆ ಭಾನುವಾರ, ಚಾಪೆ ಕೊಡವಬೇಕು.
ಕಳೆದ ಸಲ ಬಾಗಿಲಲ್ಲಿ ಹದಿನೇಳು ಜೊತೆ ಚಪ್ಪಲಿ,
ನನ್ನದೂ ಸೇರಿ.